ಭಾವನ ಎಂಟು ಕಾಲಿನ ಮಗಳು

ಬೆಳಿಗ್ಗೆ ಹಲ್ಲುಜ್ಜುತ್ತಾ ಹಾಲ್‌ಗೆ ಬಂದ ಕನ್ನಡಕದ ಅಂಗಡಿಯವನು ಗಾಜಿನ ಪೆಟ್ಟಿಗೆಯೊಳಗೆ ಇಣುಕಿದವನೇ ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟ. ಒಳಗಿದ್ದ ಟರಾಂಟುಲಾ, ಅಂದರೆ ಅಂಗೈಯಗಲದ ರೋಮದ ಜೇಡ, ಎಂಟೂ ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡು, ಹಿಂಡಿ ಎಸೆದ ಉಣ್ಣೆಯ ಕೈಗವಸಿನಂತೆ ಬಿದ್ದಿತ್ತು. ಬ್ರಶ್ಶಿನ ತುದಿಯಿಂದ ಮೆಲ್ಲಗೆ ತಿವಿದ. ಅಲುಗಲಿಲ್ಲ.

ಜೇಡ ಅವನದಲ್ಲ, ಹೆಂಡತಿಯ ಅಣ್ಣನದು. ಭಾವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಊರೂರು ತಿರುಗಿ ಲಿಫ್ಟ್ ರಿಪೇರಿ ಮಾಡುವುದು ಬಿಟ್ಟರೆ ಅವನ ಪಾಲಿಗೆ ಇದ್ದದ್ದು ಈ ಜೇಡವೊಂದೇ. ಹತ್ತು ದಿನದ ಹಿಂದೆ ಪೆಟ್ಟಿಗೆ ತಂದಿಟ್ಟು, "ದೂರದ ಊರಲ್ಲಿ ಕೆಲಸ ಇದೆ. ನನ್ನ ಮಗಳನ್ನ ಹುಷಾರಾಗಿ ನೋಡ್ಕೋ. ಇವಳಿಗೆ ನೀನು ಮಾವ ಆಗ್ಬೇಕು" ಎಂದು ಕಣ್ಣೊರೆಸಿಕೊಂಡು ಹೋಗಿದ್ದ. ಇವತ್ತು ಸಂಜೆ ಆರಕ್ಕೆ ಬರುವವನಿದ್ದ.

"ಅಯ್ಯೋ, ಅಣ್ಣನಿಗೆ ಏನಂತ ಹೇಳ್ತೀರಿ!" ಎಂದು ಹೆಂಡತಿ ಕಿರುಚಿದ್ದೇ ತಡ, ಪಕ್ಕದ ಮನೆಯಾಕೆ ಹಾಜರಾದಳು. ಅವಳಿಗೆ ಕಟ್ಟಡವೆಲ್ಲ ಇಟ್ಟ ಹೆಸರು ರೇಡಿಯೋ. ಐದೇ ನಿಮಿಷದಲ್ಲಿ ಸುದ್ದಿ ಮೂರನೇ ಮಹಡಿಗೆ ತಲುಪಿ, ಅಲ್ಲಿದ್ದ ನಿವೃತ್ತ ಇನ್ಸ್‌ಪೆಕ್ಟರು ಲುಂಗಿಯ ಮೇಲೆ ಬೆಲ್ಟು ಬಿಗಿದುಕೊಂಡು ಇಳಿದು ಬಂದರು.

"ಯಾರೂ ಏನೂ ಮುಟ್ಟಬೇಡಿ" ಎಂದು ಎಲ್ಲವನ್ನೂ ತಾವೇ ಮುಟ್ಟಿ ನೋಡಿ, "ಇದು ಸಹಜ ಸಾವಲ್ಲ" ಎಂದರು.

"ಹೇಗೆ ಗೊತ್ತಾಯ್ತು ಸಾರ್?"

"ಸಹಜ ಸಾವಾಗಿದ್ರೆ ನನ್ನನ್ನ ಯಾಕೆ ಕರೀತಿದ್ರಿ?"

"ನಾವು ಕರೀಲೇ ಇಲ್ವಲ್ಲ ಸಾರ್."

ಇನ್ಸ್‌ಪೆಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರೇಡಿಯೋ ದನಿ ತಗ್ಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೊನ್ನೆ ಇವರೇ ಕೂಗಾಡ್ತಿದ್ರು, ಈ ಪೀಡೆ ಯಾವಾಗ ಸಾಯುತ್ತೋ ಅಂತ. ನಾನೇನೂ ಕಿವಿ ಕೊಟ್ಟಿರ್ಲಿಲ್ಲಪ್ಪ, ಗೋಡೆ ತೆಳು."

ಹೆಂಡತಿ ತನ್ನ ಕುರ್ಚಿಯನ್ನು ಗಂಡನಿಂದ ಒಂದು ಗೇಣು ದೂರ ಎಳೆದುಕೊಂಡಳು.

"ಬಾಯಿ ಮಾತಿಗೆ ಅಂದೆ ಕಣೇ! ರಾತ್ರಿಯೆಲ್ಲ ಅದು ನನ್ನನ್ನೇ ದಿಟ್ಟಿಸ್ತಿತ್ತು. ಎಂಟು ಕಣ್ಣು ಬೇರೆ. ಒಂದಕ್ಕೂ ಕನ್ನಡಕ ಬೇಡ!"

ತನಿಖೆ ಮುಂದುವರಿದಂತೆ ಅವನ ಮೇಲಿನ ಅನುಮಾನ ಸಡಿಲವಾಯಿತು, ಆದರೆ ಎಲ್ಲರ ಮೇಲೂ ಹಂಚಿಹೋಯಿತು. ರೇಡಿಯೋ ಇದ್ದಕ್ಕಿದ್ದಂತೆ ಸೆರಗು ಬಾಯಿಗಿಟ್ಟು, ನಿನ್ನೆ ತಾನು ಜಿರಲೆಗೆ ಔಷಧಿ ಹೊಡೆದದ್ದು ಕಿಟಕಿಯಿಂದ ಇತ್ತ ಬಂದಿರಬಹುದು ಎಂದಳು. ಹೆಂಡತಿ, ಅಣ್ಣ ಬರ್ತಾನಂತ ಗಾಜನ್ನು ಫಿನಾಯಿಲ್ ಹಾಕಿ ಒರೆಸಿದ್ದನ್ನು ಒಪ್ಪಿಕೊಂಡಳು. ಕೊನೆಗೆ ಇನ್ಸ್‌ಪೆಕ್ಟರೇ ಕೆಮ್ಮಿ, ಭಾನುವಾರ ಪೇಪರ್ ಕೇಳಲು ಬಂದಾಗ ಅದು ಹೆದರುತ್ತದೋ ಇಲ್ಲವೋ ನೋಡಲು ಸೀಟಿ ಊದಿದ್ದಾಗಿ ತಿಳಿಸಿದರು.

ಮನೆಯಲ್ಲಿ ಆರೋಪಿಗಳನ್ನು ಬಿಟ್ಟು ಬೇರೆ ಯಾರೂ ಉಳಿಯದ ಕಾರಣ ಕೇಸು ಅಲ್ಲಿಗೇ ಮುಗಿಯಿತು.

"ಒಂದೇ ದಾರಿ. ಇಂಥದ್ದೇ ಇನ್ನೊಂದು ತಂದು ಕೂರಿಸಿ" ಎಂದರು ಇನ್ಸ್‌ಪೆಕ್ಟರು. "ಜೇಡಕ್ಕೇನು ಗುರುತಿನ ಚೀಟಿ ಇರುತ್ತಾ?"

ಸತ್ತದ್ದನ್ನು ಬಾಲ್ಕನಿಯ ಹೂಕುಂಡದಲ್ಲಿ ಮಣ್ಣು ಮಾಡಿ, ಕನ್ನಡಕದವನು ಅಂಗಡಿಗೆ ರಜೆ ಹಾಕಿ ಹೊರಟ. ಐದು ಅಂಗಡಿ ಸುತ್ತಿದ. ಮೊದಲನೆಯವನು ಮೀನು ತೋರಿಸಿದ, ಎರಡನೆಯವನು ಗಿಳಿ ತೋರಿಸಿದ, ಮೂರನೆಯವನು "ಜೇಡ ಬೇಕಾದ್ರೆ ನಮ್ಮ ಅಟ್ಟಕ್ಕೆ ಹತ್ತಿ, ಬೇಕಾದಷ್ಟಿವೆ" ಎಂದ. ಐದನೆಯ ಕಡೆ ಅಂಥದ್ದೇ ಕಪ್ಪು ಜೇಡ ಸಿಕ್ಕಿತು. ತನ್ನ ಬ್ಯಾಗಿನಲ್ಲಿದ್ದ ದೊಡ್ಡ ಕೂಲಿಂಗ್ ಗ್ಲಾಸಿನ ಡಬ್ಬಿಯಲ್ಲಿ ಅದನ್ನು ಕೂರಿಸಿ, ಉಸಿರು ಬಿಗಿಹಿಡಿದು ಬಸ್ಸು ಹತ್ತಿದ.

"ಹೊಸ ಮಾಡೆಲ್ಲಾ ಸಾರ್? ಒಂಚೂರು ನೋಡ್ಲಾ?" ಎಂದ ಪಕ್ಕದವನು, ಇವನು ಬೇಡ ಬೇಡ ಎನ್ನುವಷ್ಟರಲ್ಲಿ ಮುಚ್ಚಳ ಎತ್ತಿಯೇ ಬಿಟ್ಟ. ಮುಂದಿನ ಸ್ಟಾಪು ಬರುವ ಮೊದಲೇ ಬಸ್ಸಿನಲ್ಲಿ ಉಳಿದವರು ಇಬ್ಬರು: ಕನ್ನಡಕದವನು ಮತ್ತು ಜೇಡ. ಡ್ರೈವರ್ ಕೂಡ ಕೆಳಗಿಳಿದು ನಿಂತಿದ್ದ. ಉಳಿದ ದಾರಿಯನ್ನು ಕನ್ನಡಕದವನು ನಡೆದೇ ಮುಗಿಸಿದ.

ಹೊಸ ಜೇಡ ಪೆಟ್ಟಿಗೆಗೆ ಇಳಿದು ಹತ್ತು ನಿಮಿಷವಾಗಿರಲಿಲ್ಲ, ಭಾವ ಬಂದ. ಆರೋಪಿಗಳೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಭಾವ ಬಗ್ಗಿ ನೋಡಿದ. ಇನ್ನೊಂದು ಬದಿಯಿಂದ ನೋಡಿದ.

"ಇದು ನನ್ನ ಮಗಳಲ್ಲ. ಅವಳ ಬೆನ್ನು ಬೋಳಾಗಿತ್ತು."

ಕನ್ನಡಕದವನು ಕೈಮುಗಿದ. "ತಪ್ಪಾಯ್ತು ಭಾವ. ಬೆಳಿಗ್ಗೆ ನೋಡಿದ್ರೆ ಹೋಗಿಬಿಟ್ಟಿತ್ತು. ನಿಮಗೆ ದುಃಖ ಆಗ್ಬಾರ್ದು ಅಂತ ಇದನ್ನ ತಂದೆ."

ಭಾವ ಮೂಗೊರೆಸಿಕೊಂಡ. "ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಆಗಿತ್ತು ಅವಳಿಗೆ. ಇನ್ನೊಂದು ವಾರ ಅಂತ ಡಾಕ್ಟರು ಹೇಳಿದ್ರು. ಕಣ್ಣಾರೆ ನೋಡೋ ಧೈರ್ಯ ಇರ್ಲಿಲ್ಲ, ನಿಮ್ಮನೇಲಿ ಬಿಟ್ಟೆ. ಕೆಲಸನೂ ಇಲ್ಲ ಏನೂ ಇಲ್ಲ, ಪಕ್ಕದ ಬೀದಿ ಲಾಡ್ಜಲ್ಲಿ ಹತ್ತು ದಿನ ಹೊದ್ದು ಮಲಗಿದ್ದೆ."

ಗೋಡೆಗೊರಗಿದ್ದವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು. ಇನ್ಸ್‌ಪೆಕ್ಟರು "ನಾನು ಆಗಲೇ ಅಂದಿದ್ದೆ, ವಯಸ್ಸಾಗಿತ್ತು ಅಂತ" ಎಂದರು. ಕನ್ನಡಕದವನಿಗಂತೂ ಎದೆಯ ಮೇಲಿನ ಕಲ್ಲು ಇಳಿದಷ್ಟು ಹಗುರಾಯಿತು. ಉತ್ಸಾಹದಿಂದ ಪೆಟ್ಟಿಗೆಯನ್ನು ಎತ್ತಿ ಭಾವನ ಕೈಗೆ ಚಾಚಿದ. "ಹಾಗಾದ್ರೆ ತಗೊಳ್ಳಿ ಭಾವ, ಇವಳನ್ನ ಕರ್ಕೊಂಡು ಹೋಗಿ."

ಭಾವ ಪೆಟ್ಟಿಗೆ ಮುಟ್ಟಲಿಲ್ಲ. ಅವನ ಹೆಗಲು ಹಿಡಿದುಕೊಂಡ. "ಅವಳು ಹೋದ ದಿನವೇ ಊರೆಲ್ಲ ಹುಡುಕಿ ಇನ್ನೊಬ್ಬಳನ್ನ ತಂದಿದ್ದೀಯ ಅಂದ್ರೆ! ಹತ್ತೇ ದಿನದಲ್ಲಿ ಇಷ್ಟು ಹಚ್ಕೊಂಡಿದ್ದೀಯಾ? ನಿನ್ನಿಂದ ಇವಳನ್ನ ಕಿತ್ಕೊಂಡು ಹೋಗೋಕೆ ನಾನೇನು ಕಟುಕನಾ?"

"ಅಯ್ಯೋ, ಹಾಗಲ್ಲ ಭಾವ—"

"ಸಂಕೋಚ ಬೇಡ. ನನಗೂ ಅರವತ್ತಾಯ್ತು. ಇವಳಿನ್ನೂ ಪ್ರಾಯದವಳು. ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ."

"ಇಪ್ಪತ್ತು ವರ್ಷ!"

"ಚೆನ್ನಾಗಿ ನೋಡ್ಕೊಂಡ್ರೆ ಇಪ್ಪತ್ತೈದು."

ರೇಡಿಯೋ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಡತಿಗೆ ಎಷ್ಟೋ ದಿನದ ಮೇಲೆ ಗಂಡನ ಬಗ್ಗೆ ಹೆಮ್ಮೆ ಉಕ್ಕಿಬಂದು, ಅವನ ಕೈಯಿಂದ ಪೆಟ್ಟಿಗೆಯನ್ನು ಪ್ರೀತಿಯಿಂದ ತೆಗೆದುಕೊಂಡಳು.

"ಅಣ್ಣ, ಇದಕ್ಕೆ ಬಿಸಿಲು ಆಗಲ್ಲ, ಅಲ್ವಾ? ಹಾಗಾದ್ರೆ ಒಳಗೇ ಇಡ್ತೀನಿ, ಇವರ ತಲೆದಿಂಬಿನ ಪಕ್ಕ."