ಬಕೆಟ್ಟಿನಲ್ಲಿ ಬಂದ ಕಿವಿರಿನ ಪಾಠ

ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು ಮೀನಿನ ಬಗ್ಗೆ ಪಾಠ ಮಾಡಲು ಎದ್ದು ನಿಂತದ್ದು ಭರ್ತಿ ಆತ್ಮವಿಶ್ವಾಸದಿಂದಲೇ. ಕೊಳ್ಳೇಗಾಲದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಪಾಠ ಪಳೆಯುಳಿಕೆಗಳದ್ದು: ಯಾವುದೋ ಕಾಲದಲ್ಲಿ ಸತ್ತು ಕಲ್ಲಾದ ಮೀನಿನ ಹೊಟ್ಟೆ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆದರೆ ಕಿವಿರಿನೊಳಗೆ ಬಾಚಣಿಗೆಯಂತೆ ಇರುವ ಎಲುಬಿನ ಹಲ್ಲುಗಳು ಉಳಿದಿದ್ದರೆ ಅದರ ಊಟದ ಗುಟ್ಟು ರಟ್ಟಾಗುತ್ತದೆ. ಹಲ್ಲು ಒತ್ತಾಗಿದ್ದರೆ ಅದು ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತಿತ್ತು. ಮೊಂಡಾಗಿ ವಿರಳವಾಗಿದ್ದರೆ ಬೇರೆ ಮೀನನ್ನೇ ನುಂಗುತ್ತಿತ್ತು. ಇದನ್ನು ಪೋಷಕರ ಸಭೆಯಲ್ಲಿ ನಿಜವಾದ ಮೀನು ಹಿಡಿದು ತೋರಿಸುವುದಾಗಿ ಹೆಡ್‌ಮೇಷ್ಟ್ರಿಗೆ ಮಾತು ಕೊಟ್ಟೆ.

"ಮೀನು ಈ ಮನೆ ಹೊಸಿಲು ದಾಟಿದ್ರೆ ನಾನು ತೌರಿಗೆ ದಾಟ್ತೀನಿ," ಎಂದಳು ಹೆಂಡತಿ ಗೌರಿ.

ಹಾಗಾಗಿ ಸತ್ತೇಗಾಲದಲ್ಲಿ ಮೀನು ಮಾರುವ ರತ್ನಮ್ಮನಿಗೆ ನೇರ ಶಾಲೆಗೇ ತರಲು ಹೇಳಿದೆ; ಕಲ್ಲಾದ ಮೀನಿನ ಪಾಠಕ್ಕೆ ಎಂದೂ ವಿವರಿಸಿದೆ. ಒಂದು ಕಟ್ಲಾ, ಒಂದು ಕೊರಮೀನು. ಸಭೆಯ ದಿನ ಬಕೆಟ್ ತಂದಿಟ್ಟು ಆಕೆಯೂ ಅಲ್ಲೇ ಕುಳಿತಳು.

ಕಟ್ಲಾ ಎತ್ತಿದೆ. ಅಬ್ಬಾ, ಎಂಥ ತಲೆ! ಎಂಥ ಬಾಯಿ! ಓದಿದ್ದೆಲ್ಲ ಮರೆತೇ ಹೋಯಿತು.

"ಮಾನ್ಯರೇ, ಈ ಬಾಯಿಯನ್ನು ಗಮನಿಸಿ. ಇದು ಕ್ರೂರ ಬೇಟೆಗಾರ!"

"ಅಯ್ಯೋ, ಅದ್ಯಾವ ಬ್ಯಾಟೆ ಆಡದು ಸಾ!" ಎಂದಳು ರತ್ನಮ್ಮ. "ನೀರ್ ಸೋಸ್ಕಂಡು ಬದಕ್ತದೆ, ಪಾಪ. ಬಾಯಿ ನೋಡ್ಬ್ಯಾಡಿ, ಕಿವಿರು ಬುಡಿಸಿ ನೋಡಿ."

ಬಿಡಿಸಿದೆ. ಹೇನು ತೆಗೆಯುವ ಬಾಚಣಿಗೆಯಂಥ ಒತ್ತು ಹಲ್ಲು! ಸಭೆ ನಕ್ಕಿತು.

ಮಾನ ಉಳಿಸಿಕೊಳ್ಳಬೇಕಲ್ಲ? "ನಿಜವಾದ ಬೇಟೆಗಾರ ಈ ಸತ್ತ ಕೊರಮೀನು," ಎಂದು ಬಕೆಟ್ಟಿಗೆ ಕೈ ಹಾಕಿದೆ.

"ಸತ್ತಿಲ್ಲ ಸಾ! ಜೀವ ಅದೆ!"

ಕೊರಮೀನು ನೆಗೆಯಿತು. ನಾನೂ ನೆಗೆದೆ. ಅದು ಹೆಡ್‌ಮೇಷ್ಟ್ರ ಮಡಿಲಲ್ಲಿತ್ತು. ನಾನು ಮೇಜಿನ ಮೇಲಿದ್ದೆ!

ರತ್ನಮ್ಮ ಅದನ್ನು ಒಂದೇ ಕೈಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದಳು. ಉಳಿದ ಪಾಠವನ್ನೂ ಅವಳೇ ಮುಗಿಸಿದಳು. "ಕಲ್ಲಾದ ಮೀನಾದ್ರೂ ಅಷ್ಟೆಯಾ ಕಣ್ರಿ. ಸಂದಿ ಸಣ್ಣಕಿದ್ರೆ ಸೋಸ್ತಿತ್ತು, ಅಗಲಕ್ಕಿದ್ರೆ ನುಂಗ್ತಿತ್ತು."

ಜೋರು ಚಪ್ಪಾಳೆ. ಮೇಜಿನ ಮೇಲಿಂದ ನಾನೂ ತಟ್ಟಿದೆ.

ಸಂಜೆ ಗೌರಿ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ಮೂರು ಕೊಡ ನೀರು ಸುರಿದಳು. ಕಥೆ ಕೇಳಿ ನಕ್ಕು ನಕ್ಕು ನಾಲ್ಕನೆಯದನ್ನು ತನ್ನ ಮೇಲೇ ಚೆಲ್ಲಿಕೊಂಡಳು. ತೌರಿನ ಮಾತೇ ಎತ್ತಲಿಲ್ಲ.

ಮರುದಿನ, ಸಭೆಗೆ ಬಂದಿದ್ದ ಮಕ್ಕಳು ಪಾಠದ ಬಗ್ಗೆ ಬರೆದ ವರದಿ ತಿದ್ದಲು ಕುಳಿತೆ. ಹುಡುಗಿಯೊಬ್ಬಳು ಬರೆದಿದ್ದಳು: "ಬಾಯಿ ದೊಡ್ಡದಿದ್ದ ಮಾತ್ರಕ್ಕೆ ಬೇಟೆಗಾರ ಆಗುವುದಿಲ್ಲ. ಉದಾಹರಣೆ: ಕಟ್ಲಾ ಮೀನು, ನಮ್ಮ ಮೇಷ್ಟ್ರು."

ಎರಡೂ ಉದಾಹರಣೆ ಸರಿಯಾಗಿದ್ದವು. ಪೂರ್ತಿ ಅಂಕ ಕೊಟ್ಟೆ!