ಮೂಗಿಲ್ಲದ ಅಡುಗೆಯವಳು

ಧಣಿ: ಇದಕ್ಕೆ ಉಪ್ಪೆಷ್ಟು ಹಾಕಬೇಕು ಅಂತ ಗೊತ್ತಾ? ಕೇಳೋ. ನೀನೇ ಕೇಳು ಅದನ್ನ!

ದುನ್: ಮಣ್ಣಿಂದು ಬುದ್ಧಿ. ಮಾತಾಡಲ್ಲ.

ಧಣಿ: ಮಾತೂ ಇಲ್ಲ, ಮೂಗೂ ಇಲ್ಲ. ಮೂಗಿಲ್ಲದೋಳಿಗೆ ಬಾಡು ಸೀದುಹೋದದ್ದು ಹೆಂಗೆ ಗೊತ್ತಾಗತ್ತೆ?

ದುನ್: ಮೂಗಿತ್ತು ಬುದ್ಧಿ. ಗಾಡೀಲಿ ಬರೋವಾಗ ಉದುರೋಯ್ತು.

ಮಂಡಿಯೆತ್ತರದ ಮಣ್ಣಿನ ಹೆಂಗಸು ಧಣಿಯ ಚಾಪೆಯ ಪಕ್ಕ ನಿಂತಿದ್ದಳು. ಅವಳ ಹಿಂದೆ ಅವಳನ್ನು ಮಾಡಿದ ಕುಂಬಾರ ದುನ್. ಬಾಗಿಲಲ್ಲಿ ನವಣೆ ಗಂಜಿಯ ಬಟ್ಟಲು ಹಿಡಿದುಕೊಂಡು, ಯಾರ ಬದಲಿಗೆ ಆ ಗೊಂಬೆ ಬಂದಿತ್ತೋ ಅವಳೇ, ಅಡುಗೆಯ ಜಿಯಾಂಗ್. ಧಣಿ ಮೆಂಗ್ ಷೂ ಸಾಯಲು ಹೊರಟು ತಿಂಗಳಾಗಿತ್ತು. ಹೊಟ್ಟೆ ಮಾತ್ರ ಇನ್ನೂ ಹೊರಟಿರಲಿಲ್ಲ. ನಮ್ಮ ಚಿನ್ ಸೀಮೆಯಲ್ಲಿ ದೊಡ್ಡವರು ಒಬ್ಬರೇ ಸಾಯುವ ಪದ್ಧತಿ ಇರಲಿಲ್ಲ. ಅಡುಗೆಯವರು, ಕುದುರೆಯವರು, ಹಾಡುವವರು, ಎಲ್ಲರೂ ಜೀವಸಹಿತ ಅದೇ ಗುಂಡಿಗೆ. ಹೊಸ ದೊರೆ ಪಟ್ಟಕ್ಕೆ ಬಂದವನೇ ಇದನ್ನು ನಿಲ್ಲಿಸಿ ಡಂಗುರ ಹೊಡೆಸಿದ: ಇನ್ನು ಮೇಲೆ ಯಾರನ್ನೂ ಹಿಡಿದು ಹೂಳಕೂಡದು. ತಾನಾಗಿ ಬರ್ತೀನಿ ಅನ್ನುವವರನ್ನು ಏನು ಮಾಡಬೇಕು ಅಂತ ಡಂಗುರದವನು ಹೇಳಲಿಲ್ಲ. ಧಣಿ ಆ ಸಂದಿಯಲ್ಲೇ ಕೈ ತೂರಿಸಿದ್ದ.

ಧಣಿ: ಮಧ್ಯಾಹ್ನ ಅರಮನೆಯ ಅಧಿಕಾರಿ ಬರ್ತಾನೆ ಜಿಯಾಂಗ್. ಅವನೆದುರು ಒಂದೇ ಮಾತು ಹೇಳು. “ನಮ್ಮ ಧಣೀನ ಬಿಟ್ಟಿರಲಾರೆ, ನಾನಾಗೇ ಹೋಗ್ತೀನಿ” ಅಂತ. ಸ್ವಲ್ಪ ಅತ್ತರೆ ಇನ್ನೂ ಒಳ್ಳೇದು.

ಜಿಯಾಂಗ್: ಹೇಳ್ದೆ ಇದ್ರೆ?

ಧಣಿ: ಯಾರೂ ಬಲವಂತ ಮಾಡಲ್ಲಮ್ಮ. ನಿನ್ನ ಮಗಳು, ಅಳಿಯ ನನ್ನ ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದಾರೆ. ಅವರು ಬೇರೆ ಊರು ನೋಡ್ಕೋತಾರೆ. ಅಷ್ಟೇ.

ಜಿಯಾಂಗ್: ಓ. ಇದು ಬಲವಂತ ಅಲ್ಲ.

ಧಣಿ: ಛೆ ಛೆ. ಪ್ರೀತಿ.

ಜಿಯಾಂಗ್ ಬಟ್ಟಲು ಕೆಳಗಿಟ್ಟಳು. ಒಲ್ಲೆ ಅಂದರೆ ಮಗಳು ಬೀದಿಗೆ, ಹೂಂ ಅಂದರೆ ತಾನು ಗುಂಡಿಗೆ. ಬೇಡ ಅನ್ನುವ ಮಾತು ಧಣಿಯ ಬಾಯಿಂದಲೇ ಬರಬೇಕು.

ಜಿಯಾಂಗ್: ಆಯ್ತು ಬುದ್ಧಿ. ಬತ್ತೀನಿ.

ದುನ್: ಏನಕ್ಕಾ, ತಲೆಗಿಲೆ ಕೆಟ್ಟೈತಾ? ನಿನ್ನ ಬದುಕ್ಸಕ್ಕೆ ಅಂತ್ಲೇ ಇದನ್ನ ತಟ್ಟಿ ಸುಟ್ಟು ತಂದಿವ್ನಿ!

ಜಿಯಾಂಗ್: ನೀ ಸುಮ್ಕಿರೋ. ಸಾಯೋಳು ನಾನು, ಗೋಳಾಡೋನು ನೀನು. ಅಲ್ಲ ಬುದ್ಧಿ, ಕೆಳಗೆ ಸತ್ತೋರಿರೋ ಹಳದಿ ಬುಗ್ಗೆ ನಾಡ್ಗೆ ಹೋದ್ಮೇಲೆ ಮೊದಲ್ನೇ ಬಟ್ಟಲು ಯಾರ್ಗೆ?

ಧಣಿ: ಇದೇನು ಪ್ರಶ್ನೆ? ನನಗೆ.

ಜಿಯಾಂಗ್: ನಿಮ್ಮಪ್ಪಾರು ಕೂತಿರ್ತಾರಲ್ಲ ಅಲ್ಲಿ.

ಧಣಿ ಮೊಣಕೈ ಊರಿ ಅರ್ಧ ಎದ್ದ.

ಜಿಯಾಂಗ್: ತಾತಾರೂ ಅವ್ರೆ. ಹಿರೀಕರಿಗೆ ಎಡೆ ಇಡ್ದೆ ನೀವು ಇಲ್ಲೇ ಒಂದು ತುತ್ತು ಬಾಯಿಗೆ ಹಾಕ್ದೋರಲ್ಲ. ಅಲ್ಲಿ ಎದುರ್ಗೇ ಕೂತಿರೋವಾಗ ಹಾಕಕ್ಕಾಯ್ತದಾ?

ಧಣಿ: ಸರಿ. ಮೊದಲು ತಾತನಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ನನಗೆ. ಅದಕ್ಕೇನೀಗ?

ಜಿಯಾಂಗ್: ತಾತಾರ ಅಪ್ಪ?

ಧಣಿ: ಅವರಿಗೂ.

ಜಿಯಾಂಗ್: ಅವರಪ್ಪ?

ದುನ್: ಆ ಗೋರಿ ದಿಬ್ಬ ಪೂರ್ತಿ ನಿಮ್ ವಂಶದೋರೇ ಅಲ್ವರಾ ಬುದ್ಧಿ. ಕುರಿ ಬಾಡು ನಿಮ್ ಹತ್ರ ಬರೋ ಹೊತ್ಗೆ ಮೂಳೆ ಇರ್ತದೆ. ಚೀಪಬೋದು.

ಧಣಿ: ನಿನ್ನ ಯಾರು ಕೇಳಿದ್ರೋ? ಅವರಿಗೆಲ್ಲ ಅವರವರ ಅಡುಗೆಯವರು ಇದ್ದಾರೆ! ಹೋಗುವಾಗಲೇ ಕರ್ಕೊಂಡು ಹೋಗಿದ್ದಾರೆ. ಇವಳನ್ನ ಯಾಕೆ ಮುಟ್ತಾರೆ?

ಜಿಯಾಂಗ್: ಅದೂ ನಿಜ ಅನ್ನಿ. ತಾತಾರ ಅಡುಗೆಯೋಳು ನಮ್ಮಜ್ಜೀನೇ.

ಧಣಿ: ನೋಡು ಮತ್ತೆ! ಮನೆಯವರೇ ಇದ್ದಾರೆ. ನಿನಗೂ ಹೊತ್ತು ಹೋಗತ್ತೆ.

ಜಿಯಾಂಗ್: ಬಾಯಿಗೆ ಬಟ್ಟೆ ತುರುಕಿ ಇಳಿಸಿದ್ರಂತೆ ಅವ್ಳನ್ನ. ಮಣ್ಣು ಎಳೆದ್ಮೇಲೂ ನೆಲ ಅಲ್ಲಾಡ್ತಿತ್ತು ಅಂತ ನಮ್ಮವ್ವ ಹೇಳೋಳು.

ಧಣಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ.

ಜಿಯಾಂಗ್: ಹೋಗ್ಲಿ ಬಿಡಿ, ಹಳೇ ಮಾತು. ಇಷ್ಟೊತ್ಗೆ ಆ ಬಟ್ಟೆ ಕೊಳ್ತೋಗಿರ್ತದೆ.

ಧಣಿ: ಕೊಳೆತರೆ?

ಜಿಯಾಂಗ್: ಮಾತಾಡ್ತಿರ್ತಾಳೆ.

ಧಣಿ: ಯಾರ ಹತ್ರ?

ಜಿಯಾಂಗ್: ಮಿಕ್ಕೋರ ಹತ್ರ. ಲಾಯದೋರು, ರಥ ಹೊಡೆಯೋರು, ನಿಮ್ಮಪ್ಪಾರ ಜೊತೆ ಇಳ್ಸಿದ್ರಲ್ಲ ಆ ಹಾಡೋ ಹುಡ್ಗೀರು. ಧಣಿಗಳು ಒಂದು ತಲೆಮಾರಿಗೆ ಒಬ್ರು. ನಮ್ಮೋರು ಒಬ್ಬೊಬ್ಬ ಧಣಿಗೆ ಹತ್ತಾರು ಜನ. ಅಷ್ಟೂ ಜನ ಒಂದ್ಕಡೆ ಕೂತು ಇಷ್ಟು ವರ್ಷ ಏನ್ ಮಾತಾಡಿರ್ತಾರೆ ಅಂತೀರಿ? ನಿಮ್ ಆರೋಗ್ಯ ವಿಚಾರಿಸ್ಕೊಂಡು ಕೂತಿರ್ತಾರಾ?

ಧಣಿ: ಅವರು ಆಳುಗಳು ಕಣೆ. ನಾನು ಕಣ್ಣು ಬಿಟ್ಟರೆ ಸಾಕು.

ಜಿಯಾಂಗ್: ಇಲ್ಲಿ ನೀವು ಕಣ್ ಬಿಟ್ರೆ ಊರೇ ನಡುಗ್ತದೆ. ಯಾಕೇಳಿ? ಹಿಂದ್ಗಡೆ ಕಾವಲಿನೋರು ಕತ್ತಿ ಹಿಡ್ದು ನಿಂತಿರ್ತಾರೆ. ಅಲ್ಲಿ ಆ ಕಾವಲಿನೋರೂ ಗುಂಡೀಗೆ ಬಿದ್ದೋರೇ. ಅವರು ಯಾರ ಕಡೆ ನಿಂತ್ಕೋತಾರೋ ನಂಗಂತೂ ಗೊತ್ತಿಲ್ಲಪ್ಪ.

ಧಣಿ: ದುನ್, ಇವಳು ನನ್ನ ಹೆದರಿಸ್ತಿದಾಳೆ.

ದುನ್: ಇಲ್ಲ ಬುದ್ಧಿ. ತಲೆ ಎಣಿಸ್ತಾವ್ಳೆ.

ಜಿಯಾಂಗ್: ಹೆದರ್ಸಕ್ಕೆ ನಾನ್ಯಾರು? ನಾನು ಪ್ರೀತಿಯಿಂದ ಬರೋಳು. ಹೋಗಿ ನಿಂತ ತಕ್ಷಣ ನಮ್ಮಜ್ಜಿ ಕೇಳ್ತಾಳೆ, “ಏನವ್ವಾ, ಮೇಲೆ ಈ ಪದ್ಧತಿ ಇನ್ನೂ ಐತಾ?” ಹೆತ್ತೋರ ಹೆತ್ತೋಳಿಗೆ ಸುಳ್ಳು ಹೇಳಕ್ಕಾಯ್ತದಾ? “ಇಲ್ಲಜ್ಜಿ, ದೊರೆ ಕಿತ್ತಾಕ್ದ. ನಮ್ ಧಣಿ ಒಬ್ರೇ ಬಿಡ್ನಿಲ್ಲ” ಅಂತೀನಿ. ಅವಾಗ ಎಲ್ರೂ ತಿರುಗಿ ನಿಮ್ಮನ್ನ ನೋಡ್ತಾರೆ. ಅಷ್ಟೇ. ಗಂಜಿ ತಗೊಳ್ಳಿ, ಆರೋಯ್ತದೆ.

ಧಣಿಗೆ ಗಂಜಿ ಬೇಡವಾಯಿತು. ಕಾಯಿಲೆ ಬಿದ್ದಾಗಿನಿಂದ ಅವನು ಬಟ್ಟಲು ದೂಡಿದ್ದು ಅದೇ ಮೊದಲು.

ಧಣಿ: ನೀನು ಅಲ್ಲಿ ಬಾಯಿ ಮುಚ್ಕೊಂಡಿದ್ರೆ?

ಜಿಯಾಂಗ್: ಇಲ್ಲಿ ಮುಚ್ಕೊಂಡೇ ಕೂದಲು ಬೆಳ್ಳಗಾಯ್ತು. ಸತ್ಮೇಲಾದ್ರೂ ಬಿಡುವು ಬೇಡ್ವಾ ಬುದ್ಧಿ?

ಧಣಿ: ದುನ್! ಆ ಗೊಂಬೇನ ಇಲ್ಲಿ ತಾ. ಇದಕ್ಕೆ ಕಿವಿ ಇದೆಯಾ?

ದುನ್: ಐತೆ. ಕೇಳಲ್ಲ.

ಧಣಿ: ಅಜ್ಜಿ ಗಿಜ್ಜಿ?

ದುನ್: ಹೊಳೆದಂಡೆ ಮಣ್ಣು ಬುದ್ಧಿ. ನೆಂಟ್ರು ಇಷ್ಟ್ರು ಯಾರೂ ಇಲ್ಲ.

ಧಣಿ: ನಮ್ಮ ತಾತ ಇದನ್ನ ಕಿತ್ಕೊಂಡ್ರೆ?

ದುನ್: ಮೂಗಿಲ್ಲದ್ದನ್ನ ಯಾರು ಕಿತ್ಕೋತಾರೆ? ತಡೀರಿ, ಇವಾಗ್ಲೇ ಅಂಟಿಸ್ಕೊಡ್ತೀನಿ.

ಧಣಿ: ಮುಟ್ಟಬೇಡ! ಹಂಗೇ ಇರಲಿ. ನಂಗೆ ಇವಳೇ ಸಾಕು. ಎಷ್ಟು ಗಂಭೀರವಾಗಿದಾಳೆ ನೋಡು.

ಜಿಯಾಂಗ್: ಅಯ್ಯೋ, ಅಧಿಕಾರಿ ಮುಂದೆ ಅಳೋಣ ಅಂತ ಈರುಳ್ಳಿ ಹೆಚ್ಚಿಟ್ಕೊಂಡಿದ್ನಲ್ಲ ಬುದ್ಧಿ!

ಧಣಿ: ನೀನು ಎಲ್ಲೂ ಬರಕೂಡದು! ಆ ದಿಬ್ಬದ ಹತ್ರ ನಿನ್ನ ನೆರಳು ಕಂಡ್ರೂ ಕಾಲು ಮುರಿಸ್ತೀನಿ.

ಜಿಯಾಂಗ್: ಮಗ್ಳು, ಅಳಿಯ?

ಧಣಿ: ಹೊಲದಲ್ಲೇ ಬಿದ್ದಿರಲಿ! ಇನ್ನೊಂದು ಗುಡಿಸಲು ಬೇಕಾದ್ರೂ ಹಾಕ್ಕೊಳ್ಳಲಿ. ಅಧಿಕಾರಿ ಮುಂದೆ ನಾನೇ ಹೇಳ್ತೀನಿ.

ಜಿಯಾಂಗ್ ಗಂಜಿಯ ಬಟ್ಟಲು ಎತ್ತಿಕೊಂಡು, ಬಾಗಿಲು ದಾಟುವ ಮೊದಲೇ ತಾನೇ ಕುಡಿಯತೊಡಗಿದಳು. ಧಣಿ ಅದನ್ನು ಗಮನಿಸಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು, ಅದು ಎಲ್ಲಾದರೂ ಅಲ್ಲಾಡುತ್ತಿದೆಯೋ ಎಂಬಂತೆ.

ಧಣಿ: ನೀನು ಬರದೆ ಇದ್ರೂ... ಅವರು ಅಲ್ಲಿ ಇದ್ದೇ ಇರ್ತಾರಲ್ವಾ?

ಜಿಯಾಂಗ್: ಎಲ್ಲಿಗೋಯ್ತಾರೆ ಬುದ್ಧಿ, ನೀವೇ ಮಣ್ಣು ಮುಚ್ಸಿದೀರಿ.

ಧಣಿ: ದುನ್. ಲೋ ದುನ್. ಸಿಪಾಯಿಗಳನ್ನ ಮಾಡೋಕೆ ಬರುತ್ತಾ ನಿನಗೆ? ಮಣ್ಣಲ್ಲಿ. ಆಳೆತ್ತರ. ಈಟಿ ಹಿಡಿದಿರೋರು.

ದುನ್: ಎಷ್ಟು ಬೇಕು?

ಧಣಿ: ಗುಂಡಿ ತುಂಬ. ಗುಂಡಿ ಸಾಲದೆ ಇದ್ರೆ ಇನ್ನೂ ಅಗೆಸ್ತೀನಿ.

ದುನ್: ಸುತ್ತಲೂ ಸಾಲಾಗಿ ನಿಲ್ಲಿಸ್ಬುಡ್ತೀನಿ ಬುದ್ಧಿ. ಮುಖ ಹೊರಗಡೀಕೆ ತಾನೆ? ಶತ್ರುಗಳು ಬಂದ್ರೆ ತಡೆಯಕ್ಕೆ?

ಧಣಿ: ಸತ್ತವನ ಮೇಲೆ ಹೊರಗಿಂದ ಯಾವ ಶತ್ರು ಬರ್ತಾನೋ ದಡ್ಡ! ದಿಬ್ಬದ ಒಳಗಡೆ ತಿರುಗಿಸು.