ಅವ್ವ, ನನ್ನ ಹೆಸರು ಮತ್ತು ಕರೆಂಟು

ಬರೆದು ಬದುಕುವವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆದಾಗ ನಗು ಬರುವುದಿಲ್ಲ. ನಗು ಬರುವ ಹೊತ್ತಿಗೆ ಜೊತೆಗೆ ನಗುವವರಿರುವುದಿಲ್ಲ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ನನ್ನ ಬರವಣಿಗೆಯನ್ನು ನಂಬಿದ್ದವಳು ಅವ್ವ ಒಬ್ಬಳೇ.

ಜಗಲಿಯ ಮೇಲಿನ ಕಾದಂಬರಿ

ಮೊದಲ ಕಾದಂಬರಿ ಅಚ್ಚಾಗಿ ಬಂದಾಗ ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. ಹಾವೇರಿಯ ಕಾಲೇಜು ಮಾಸ್ತರರೊಬ್ಬರು ಅದನ್ನು ಓದಬೇಕೆಂದು ಮನೆತನಕ ಬಂದರು. ನನ್ನ ಬರಹವನ್ನು ಹುಡುಕಿಕೊಂಡು ಯಾರಾದರೂ ಬಂದದ್ದು ಅದೇ ಮೊದಲು. ಮನೆಯಲ್ಲಿ ಉಳಿದಿದ್ದ ಪ್ರತಿಯೂ ಅದೊಂದೇ.

"ಪೂಜಾ ಆಗೇತ್ರಿ, ಇನ್ನ ಕೊಡಾಕ ಬರಂಗಿಲ್ಲ," ಎಂದಳು ಅವ್ವ. "ಬೇಕಂದ್ರ ನಮಸ್ಕಾರ ಮಾಡಿ ಹೋಗ್ರಿ."

ಅವರು ಮಾಡಿ ಹೋದರು. ಓದುಗರಿಂದ ಆ ಕಾದಂಬರಿಗೆ ಸಿಕ್ಕ ಗೌರವ ಅಷ್ಟೇ.

ಬ್ಯಾಡಗಿಯ ಹೆಣ

"ಪುಸ್ತಕದಾಗ ಹೆಸರ ಭಾಳ ಸಣ್ಣದಾತು. ಟಾಕೀಸಿನ್ಯಾಗ ದೊಡ್ಡದಾಗಿ ಬರಲಿ, ನೋಡಿ ಸಾಯ್ತೀನಿ," ಎಂದು ಅವ್ವ ಹಟ ಹಿಡಿದಳು. ಒಂದು ಸಿನಿಮಾಕ್ಕೆ ಸಂಭಾಷಣೆ ಬರೆದೆ. ನಾಯಕನ ತಾಯಿ ಸಾಯುವ ದೃಶ್ಯಕ್ಕೆ ಬೆಂಗಳೂರಿನ ನಿರ್ದೇಶಕರು ಆರಿಸಿದ್ದು ಬ್ಯಾಡಗಿಯ ಮಾರ್ಕೆಟ್ ಯಾರ್ಡು. ಹಿಂದೆ ಕೆಂಪಗೆ ಮೆಣಸಿನಕಾಯಿ ರಾಶಿ ಕಾಣಬೇಕಂತೆ. ಘಾಟಿನ ವಿಷಯ ಹೇಳಿದರೆ ಕೇಳಲಿಲ್ಲ. ಗ್ಲಿಸರಿನ್ ಇಲ್ಲದೆ ಎಲ್ಲರ ಕಣ್ಣಲ್ಲೂ ನೀರು. ನಿರ್ದೇಶಕರಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಹೆಣ ಸೀನಿತು. ಮತ್ತೆ ತೆಗೆದರು, ಮತ್ತೆ ಸೀನಿತು.

ನೋಡುತ್ತ ನಿಂತಿದ್ದ ಹಮಾಲರೊಬ್ಬರು ನನ್ನ ಕಿವಿಯ ಹತ್ತಿರ ಬಂದರು. "ಬದುಕಿಸಿಬಿಡ್ರಿ ಸಾಹೇಬ್ರ, ಪಾಪ, ಆಕಿಗೆ ಸಾಯೂ ಮನಸ್ಸಿಲ್ಲ."

ಸಿನಿಮಾ ರಾಣೆಬೆನ್ನೂರಿಗೆ ಬಂತು. ಹೆಸರುಗಳನ್ನು ಕೊನೆಗೆ ಹಾಕಿದ್ದರು. ಕತೆ ಮುಗಿದದ್ದೇ ತಡ, ಟಾಕೀಸಿನವರು ಬಾಗಿಲು ತೆರೆದು ಮಷೀನು ನಿಲ್ಲಿಸಿದರು. ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ. "ತಡಿಯೋ, ನಿನ್ನ ಹೆಸರ ಬರಲಿ," ಎಂದಳು. ಕಸ ಗುಡಿಸುವವರು ಬಂದರು.

ಧಾರಾವಾಹಿಯ ಮುದುಕಿ

ಆಮೇಲೆ ಟಿವಿ ಧಾರಾವಾಹಿ. ಅದರಲ್ಲಿ ಹೆಸರು ಮೊದಲಿಗೇ ಬರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಓಣಿಯ ಕರೆಂಟು ಹೋಗುತ್ತಿತ್ತು. ಕತೆ ಅರ್ಧವಾದ ಮೇಲೆ ವಾಪಸು ಬರುತ್ತಿತ್ತು. ಅದರಲ್ಲಿದ್ದ ಮುದುಕಿಯ ಬಾಯಿಗೆ ನಾನು ಹಾಕಿದ್ದೆಲ್ಲ ಅವ್ವನ ಮಾತೇ. ಅವ್ವನಿಗೆ ಮಾತ್ರ ಗುರುತೇ ಸಿಗಲಿಲ್ಲ.

"ಏನ ವಟವಟ ಅಂತಾಳೋ ಈ ಮುದುಕಿ! ಲಗೂನ ಸಾಯಿಸಿಬಿಡ," ಎನ್ನುತ್ತಿದ್ದಳು.

ಚಾನೆಲ್ಲಿನವರೂ ಅದನ್ನೇ ಹೇಳಿದರು. ಸಾಯಿಸಿ ಬರೆದು ಕಳಿಸಿದೆ. ಅದು ಪ್ರಸಾರವಾಗುವ ಮೊದಲೇ ಅವ್ವ ಎದೆನೋವೆಂದು ಒರಗಿದಳು, ಮತ್ತೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಯಾಕೆ ಬರಲಿಲ್ಲವೋ, ಅದೇ ಒಂದು ಸಂಕಟವಾಗಿತ್ತು.

ಸೂತಕದ ಮನೆಯಲ್ಲಿ ಟಿವಿ ಹಚ್ಚುವಂತಿಲ್ಲ. ಮಾತಾಡಿಸಲು ಬಂದ ಓಣಿಯ ಹೆಂಗಸರು ಅವ್ವನ ಗುಣಗಾನ ಮಾಡುತ್ತ ಗಡಿಯಾರ ನೋಡತೊಡಗಿದರು. ಕಡೆಗೆ ಬಾಜೂ ಮನೆಯ ಕಾಕು, "ತಮ್ಮಾ, ನಿಮ್ಮವ್ವ ಇದ್ದಿದ್ರ ಆಕೀನ ಹಚ್ಚತಿದ್ಲು. ಆಕಿ ಸಲುವಾಗಿ ಹಚ್ಚೂಣೇನು?" ಎಂದರು. ಹಚ್ಚಿದರು.

ಅವತ್ತು ಕರೆಂಟು ಹೋಗಲಿಲ್ಲ. ನನ್ನ ಹೆಸರು ಪರದೆ ತುಂಬ ಬಂತು. ಟಿವಿಯ ಪಕ್ಕದಲ್ಲೇ ಹಾರ ಹಾಕಿದ ಅವ್ವನ ಫೋಟೊ ಇತ್ತು. ಮುಖ ಮಾತ್ರ ಮಂದಿಯ ಕಡೆಗಿತ್ತು. ಧಾರಾವಾಹಿಯ ಮುದುಕಿ ಅವ್ವನ ಮಾತನ್ನೇ ಆಡುತ್ತ ಕಣ್ಣು ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ, ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅಳತೊಡಗಿದೆ.

ಕಾಕು ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡು ನನ್ನ ಬೆನ್ನು ಸವರಿದರು. "ಅಳಬ್ಯಾಡೋ ತಮ್ಮಾ. ನೀನ ಬರದೀಯಲ್ಲ, ಆಕಿ ಸಾಯ್ತಾಳಂತ ನಿನಗ ಮೊದಲ ಗೊತ್ತಿರಲಿಲ್ಲೇನು?"